ಶೋಕಿಯ ಬೇಟೆಗೆ ಸುರಪುರದ ಹೆಸರೇಕೆ?

ತೊಗರಿ ಕಟಾವಾಗಿ, ಹತ್ತಿ ಕಟ್ಟಿಗೆ ಕಿತ್ತು, ಎರೆ ಹೊಲಗಳು ಬರಿದಾಗಿ ಬಿರುಕು ಬಿಡುವ ಯುಗಾದಿ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಬೇಟೆಯ ಮಾತು ಏಳುತ್ತದೆ. ಮೊಲಕ್ಕೆ ಅಡಗಲು ಮರೆ ಉಳಿದಿರುವುದಿಲ್ಲ. ಹಳ್ಳದ ನೀರು ಅಲ್ಲೊಂದು ಇಲ್ಲೊಂದು ಮಡುವಿಗೆ ಇಳಿದಿರುತ್ತದೆ. ಹೊಲದ ಕೆಲಸ ಮುಗಿದು ಹುಡುಗರೂ ಬಿಡುವಾಗಿರುತ್ತಾರೆ. ಆಗ ಹೊಸದಾಗಿ ಈ ಹುಚ್ಚು ಹತ್ತಿದವರು ಕೇಳುವ ಪ್ರಶ್ನೆಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಬಂದೂಕಿನ ಲೈಸೆನ್ಸ್ ಇದ್ದರೆ ಹೊಡೆಯಬಹುದಲ್ಲವೇ? ಏರ್‌ಗನ್ನಿಗೆ ಲೈಸೆನ್ಸೇ ಬೇಡವಂತೆ, ಹೌದೇ? ಗುಂಡು ಹಾರಿಸದೆ ನಾಯಿ ಬಿಟ್ಟು ಹಿಡಿದರೆ ತಪ್ಪೇನು? ನಮ್ಮದೇ ಹೊಲಕ್ಕೆ ನುಗ್ಗಿದ ಹಂದಿಯನ್ನೂ ಹೊಡೆಯಬಾರದೇ? ಕೋಳಿ ತಿಂದರೆ ಸರಿ, ಕವುಜುಗ ತಿಂದರೆ ತಪ್ಪು ಹೇಗೆ? ಇವುಗಳಲ್ಲಿ ಹೆಚ್ಚಿನವಕ್ಕೆ ಕಾನೂನಿನ ಉತ್ತರ ಚಿಕ್ಕದು, ಅದನ್ನು ಕೆಳಗೆ ಹೇಳುತ್ತೇನೆ. ಆದರೆ ಪ್ರಶ್ನೆಗಳ ಬೆನ್ನಿಗೇ ಒಂದು ವಾದವೂ ಬರುತ್ತದೆ: ನಾವು ಬೇಡರ ನಾಡಿನವರು, ಬೇಟೆ ನಮ್ಮ ರಕ್ತದಲ್ಲಿದೆ, ಬೆಂಗಳೂರಿನಲ್ಲಿ ಕೂತವರು ನಮಗೇನು ಹೇಳುತ್ತಾರೆ ಎಂದು. ನನ್ನ ತಕರಾರು ಇರುವುದು ಈ ಮಾತಿನ ಮೇಲೆ. ಸುರಪುರದ ಇತಿಹಾಸವನ್ನು ಕಟಕಟೆಗೆ ಕರೆದರೆ ಅದು ಶೋಕಿಯ ಬೇಟೆಯ ಪರವಾಗಿ ಸಾಕ್ಷಿ ನುಡಿಯುವುದಿಲ್ಲ.

ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದಕ್ಕೆ ಕೊಟ್ಟಿರುವ ಅರ್ಥ ಬಹಳ ಅಗಲವಾದದ್ದು. ಕೊಲ್ಲುವುದಷ್ಟೇ ಬೇಟೆಯಲ್ಲ, ಬಲೆ ಹಾಕುವುದು, ಉರುಲು ಒಡ್ಡುವುದು, ವಿಷ ಇಡುವುದು, ನಾಯಿ ಬಿಟ್ಟು ಅಟ್ಟಿಸುವುದು, ಗಾಯ ಮಾಡುವುದು, ಹಕ್ಕಿಯ ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು ಎಲ್ಲವೂ ಬೇಟೆಯೇ. ಇವುಗಳಲ್ಲಿ ಯಾವುದಕ್ಕೆ ಪ್ರಯತ್ನಪಟ್ಟು ಬರಿಗೈಯಲ್ಲಿ ಮರಳಿದರೂ ಅದು ಬೇಟೆ. ಹಾಗಾಗಿ ಮುಧೋಳ ನಾಯಿಯ ವೇಗವಾಗಲಿ ಏರ್‌ಗನ್ನಿನ ಸಣ್ಣತನವಾಗಲಿ ಯಾರನ್ನೂ ಉಳಿಸುವುದಿಲ್ಲ. ಬಂದೂಕಿನ ಲೈಸೆನ್ಸ್ ಎಂಬುದು ಬಂದೂಕು ಇಟ್ಟುಕೊಳ್ಳಲು ಕೊಟ್ಟ ಅನುಮತಿ, ಪ್ರಾಣಿ ಹೊಡೆಯಲು ಕೊಟ್ಟದ್ದಲ್ಲ. ಮೊಲ, ಕವುಜುಗ, ಕಾಡುಹಂದಿ ಕಾಯ್ದೆಯ ಎರಡನೇ ಪರಿಚ್ಛೇದದಲ್ಲಿವೆ. ಚಿಗರಿ, ನವಿಲು, ತೋಳ, ಉಡ ಮೊದಲನೆಯದರಲ್ಲಿ. ಎರಡನೆಯದಕ್ಕೆ ಮೂರು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲನೆಯದಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25 ಸಾವಿರ ದಂಡ. ಬಳಸಿದ ಬೈಕು, ಜೀಪು, ಬಂದೂಕು ಸರ್ಕಾರದ ಪಾಲಾಗುತ್ತವೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸಂಗತಿಯೂ ಇದೆ. ಮೂಲ ಕಾಯ್ದೆಯಲ್ಲಿ ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಅವಕಾಶವಿತ್ತು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿ. ಅಂದರೆ ಹವ್ಯಾಸದ ಬೇಟೆಗೆ ಈ ದೇಶ ಒಮ್ಮೆ ಅವಕಾಶ ಕೊಟ್ಟು ನೋಡಿಯೇ ಬೇಡವೆಂದಿದೆ.

ಈಗ ಇತಿಹಾಸಕ್ಕೆ ಬರೋಣ. ಈ ನೆಲದಲ್ಲಿ ಬೇಟೆ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಎಷ್ಟು ಹಳೆಯದೆಂದರೆ ಅದರ ಮುಂದೆ ಯಾವ ಜಾತಿಯ ಹಕ್ಕೊತ್ತಾಯವೂ ನಿಲ್ಲುವುದಿಲ್ಲ. ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ದಶಕಗಳ ಕಾಲ ನಡೆಸಿದ ಹುಡುಕಾಟದಲ್ಲಿ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದ ಇಸಾಂಪುರದ ನೆಲೆ ಸಿಕ್ಕಿತು. ಅಲ್ಲಿನ ಪ್ರಾಣಿಗಳ ಹಲ್ಲಿನ ಆಧಾರದ ಮೇಲೆ ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಲಾಗಿದೆ. ಅಲ್ಲಿಂದ ದೂರವಲ್ಲದ ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಬೂದಿದಿಬ್ಬವನ್ನು ಅವರು ಅಗೆದಾಗ ಸಿಕ್ಕಿದ್ದು ಬೇರೆಯೇ ಬದುಕು: ದನದ ದೊಡ್ಡಿ, ಸಗಣಿಯ ರಾಶಿ, ದನ ಕೊಯ್ದು ಹಂಚಿಕೊಂಡ ಜಾಗ. ಕಾಡುಪ್ರಾಣಿಗಳ ಎಲುಬೂ ಅಲ್ಲಿದ್ದವು, ಆದರೆ ಹೊಟ್ಟೆ ಹೊರೆಯುತ್ತಿದ್ದದ್ದು ಸಾಕಿದ ದನ. ಸುರಪುರ ಸೀಮೆಯ ಜನ ಬೇಟೆಯನ್ನೇ ನಂಬಿ ಬದುಕುವುದನ್ನು ಬಿಟ್ಟು ಸಾವಿರಾರು ವರ್ಷಗಳಾದವು. ಆಮೇಲೆ ಅದು ಅಡಿಗೆಮನೆಗೆ ಆಗೀಗ ಒದಗುವ ಆಸರೆ, ಬರಗಾಲದ ಊಟ, ಹಬ್ಬದ ಭಾಗವಾಯಿತು.

ಬೇಡರ ಬಂದೂಕಿಗೆ ಹೆಸರು ಬಂದದ್ದೂ ಮೊಲ ಹೊಡೆದದ್ದರಿಂದಲ್ಲ. 1705ರಲ್ಲಿ ಔರಂಗಜೇಬ್ ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ವಾಗಿನಗೇರಾ ಕೋಟೆಯ ಮೇಲೆ. ಬೇಡರ ದೊರೆ ಪಿಡ್ಡನಾಯಕನ ಬಂದೂಕುಧಾರಿಗಳು ಮೊಘಲ್ ದಂಡನ್ನು ತಿಂಗಳುಗಟ್ಟಲೆ ಗುಡ್ಡದ ಕೆಳಗೇ ತಡೆದರು. ಕೋಟೆ ಕೈಸೇರುವ ಹೊತ್ತಿಗೆ ನಾಯಕ ಜಾಗ ಖಾಲಿ ಮಾಡಿದ್ದ. 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಕಂಪನಿಯ ಆಯುಧ ಕಾಯ್ದೆಗೆ ತಲೆಬಾಗದೆ ಪ್ರಾಣ ಕೊಟ್ಟರು. ಮರುವರ್ಷ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನ ಸುರಪುರ ಕಂಪನಿಯ ಸೈನ್ಯಕ್ಕೆ ಎದುರು ನಿಂತಿತು. ಇವೆಲ್ಲ ನೆಲಕ್ಕಾಗಿ, ಮಾನಕ್ಕಾಗಿ ಎತ್ತಿದ ಆಯುಧಗಳು. ರಾತ್ರಿ ಹೊತ್ತು ಜೀಪಿನ ಬೆಳಕಿನಲ್ಲಿ ಚಿಗರಿಯ ಕಣ್ಣಿಗೆ ಗುರಿ ಇಟ್ಟು, ಬೆಳಗ್ಗೆ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕುವವನು ಆ ಹೆಸರು ಹೇಳಿಕೊಂಡರೆ ಹಲಗಲಿಯವರಿಗೆ ಅವಮಾನ.

ಹಾಗಾದರೆ ದಖನ್ನಿನಲ್ಲಿ ಬೇಟೆಯನ್ನು ಹವ್ಯಾಸ ಮಾಡಿಕೊಂಡವರು ಯಾರು? ಹೊಟ್ಟೆ ತುಂಬಿದವರು: ಸುಲ್ತಾನರು, ನಿಜಾಮರು, ಅವರ ಅಮೀರರು, ಆಮೇಲೆ ಗೋರಾ ಅಧಿಕಾರಿಗಳು. ಎಷ್ಟು ತೋಳ, ಎಷ್ಟು ಹುಲಿ, ಎಷ್ಟು ಹಕ್ಕಿ ಎಂದು ಪುಸ್ತಕದಲ್ಲಿ ಬರೆದಿಟ್ಟವರು ಇವರೇ. ಅಹಮದ್‌ನಗರ ಜಿಲ್ಲೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ 1809ರಿಂದ 1829ರ ನಡುವೆ 961 ಎರೆಭೂತ ಹಕ್ಕಿಗಳನ್ನು ಹೊಡೆದ ಲೆಕ್ಕ ಉಳಿದಿದೆ. ಎರೆಭೂತ ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ, ವರ್ಷಕ್ಕೆ ಹೆಚ್ಚಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ. ಅದರ ಎರೆನೆಲ ನಮ್ಮ ಎರೆನೆಲದಂಥದ್ದೇ. ಇಂದು ಇಡೀ ಭಾರತದಲ್ಲಿ ಅದು 150ರ ಆಸುಪಾಸು ಉಳಿದಿದೆ, ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಹುಲ್ಲುಗಾವಲು ಹೊಲವಾದದ್ದು, ವಿದ್ಯುತ್ ತಂತಿ ಎಳೆದದ್ದು ಆಮೇಲಿನ ಕಾರಣಗಳು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಮೊದಲ ಪೆಟ್ಟು ಬಂದೂಕಿನದು, ಅದೂ ಹಸಿವಿಲ್ಲದವನ ಬಂದೂಕಿನದು. ಒಬ್ಬನ ಮನೆಗೆ 961 ಹಕ್ಕಿ ಬೇಕಾಗುವುದಿಲ್ಲ. ಮನೆಮಂದಿಯ ಊಟಕ್ಕೆ ಮಿತಿಯಿದೆ, ಎಣಿಕೆಯ ಮೋಜಿಗೆ ಇಲ್ಲ. ಬಡವ ಎರಡು ಮೊಲ ಸಿಕ್ಕರೆ ಮನೆಗೆ ಹೋಗುತ್ತಾನೆ. ಶೋಕಿಯವನಿಗೆ ಮೂರನೆಯದು ಬೇಕು, ಯಾಕೆಂದರೆ ಪಕ್ಕದ ಊರಿನ ತಂಡದವರು ಎರಡು ಹೊಡೆದಿದ್ದಾರೆ. ಹಳೆಯ ಬೇಟೆಗೂ ಈಗಿನ ಖಯಾಲಿಗೂ ಇರುವ ಫರಕು ಇದು.

ಕನ್ನಡದ ಓದುಗರಿಗೆ ಬೇಟೆಯ ರುಚಿ ಹತ್ತಿದ್ದು ಹೆಚ್ಚಾಗಿ ಮಲೆನಾಡಿನಿಂದ. ಕುವೆಂಪು ಕಾದಂಬರಿಗಳ ಹಂದಿ ಬೇಟೆ, ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ನನ ಕಾಡಿನ ಕತೆಗಳು ಎಷ್ಟೋ ಹುಡುಗರನ್ನು ಕಾಡಿಗೆ ಕರೆದೊಯ್ದಿವೆ, ನಿಜ. ಅಲ್ಲಿ ಜೌಗಿದೆ, ದಟ್ಟ ಮರೆಯಿದೆ, ಪ್ರಾಣಿ ತಿರುಗಿ ಬೀಳುವ ಅಪಾಯವಿದೆ. ನಮ್ಮ ಬಯಲಿನಲ್ಲಿ ಈಗ ನಡೆಯುವುದೇನು? ಹಗಲು ಮೊಲ ಹುಲ್ಲಿನ ಬುಡದಲ್ಲೋ ಜಾಲಿ ಕಂಟಿಯ ಕೆಳಗೋ ಮೈಯಗಲದ ಸಣ್ಣ ಗುಂಡಿಯಲ್ಲಿ ಕಿವಿ ಬೆನ್ನಿಗಂಟಿಸಿ ಕೂತಿರುತ್ತದೆ. ಬಿಲ ತೋಡುವ ಜಾತಿಯಲ್ಲ ಅದು, ಮಣ್ಣಿನ ಬಣ್ಣವೇ ಅದರ ಮನೆ. ಕಾಲು ಇನ್ನೇನು ಮೈಮೇಲೆ ಬೀಳಬೇಕು ಎನ್ನುವವರೆಗೂ ಅಲುಗುವುದಿಲ್ಲ. ಅದನ್ನು ಹಗಲು ಕಂಡುಹಿಡಿಯಲು ನಿಜಕ್ಕೂ ಕಣ್ಣು ಪಳಗಿರಬೇಕು. ಹಿಕ್ಕೆ ಹಸಿಯೋ ಒಣಗಿದ್ದೋ, ಚಿಗುರು ಯಾವ ಓರೆಯಲ್ಲಿ ಕಡಿದಿದೆ, ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿದಿರಬೇಕು. ರಾತ್ರಿ ಇದಾವುದೂ ಬೇಡ. ತಲೆಗೆ ಕಟ್ಟಿದ ಎಲ್‌ಇಡಿ ಬ್ಯಾಟರಿಯ ಬೆಳಕು ಬಿದ್ದರೆ ಮೊಲದ ಕಣ್ಣು ಕೆಂಡದಂತೆ ಹೊಳೆದು ಅದು ನಿಂತಲ್ಲೇ ಕಲ್ಲಾಗುತ್ತದೆ. ಬೈಕಿನ ಹಿಂದೆ ಕೂತವನು ಬಡಿಗೆಯಿಂದ ಹೊಡೆದರೂ ಸಾಕು. ಇದನ್ನು ಸಾಹಸ ಎನ್ನುವುದಾದರೆ ಕೆರೆಯ ನೀರು ಖಾಲಿ ಮಾಡಿ ಮೀನು ಆರಿಸುವುದೂ ಸಾಹಸವೇ. ಬೇಟೆಯಿಂದ ಕಲಿಯಬೇಕಾದ ವಿದ್ಯೆ ಒಂದಿತ್ತು. ಬ್ಯಾಟರಿ ಬಂದ ದಿನವೇ ಅದು ಹೋಯಿತು.

ಮೊಲ ಎಲ್ಲ ಕಡೆ ಇದೆ, ಅದೇನು ನಶಿಸುವ ಜಾತಿಯೇ ಎಂದು ಕೇಳುವವರಿದ್ದಾರೆ. ದೇಶದ ಮಟ್ಟದಲ್ಲಿ ಅದು ಅಪಾಯದಲ್ಲಿಲ್ಲ ಎನ್ನುವುದು ಸರಿ. ಆದರೆ ಪ್ರಾಣಿ ಬದುಕುವುದು ದೇಶದ ಮಟ್ಟದಲ್ಲಲ್ಲ, ಒಂದು ಮಡ್ಡಿಯಲ್ಲಿ, ಒಂದು ಹಳ್ಳದ ದಂಡೆಯಲ್ಲಿ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳ ಚಹರೆಯೇ ಬದಲಾಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದಲ್ಲಿ ಭತ್ತ ಬಂತು, ಬೀಳು ಬಿಟ್ಟ ನೆಲ ಮಡಿಯಾಯಿತು, ಔಷಧಿ ಸಿಂಪರಣೆ ಹೆಚ್ಚಿತು. ನೀರು ಬಂದದ್ದು ಒಳ್ಳೆಯದೇ. ಗುಳೆ ಹೋಗುವ ಜಿಲ್ಲೆಗೆ ನೀರಿಗಿಂತ ದೊಡ್ಡ ವರ ಯಾವುದು? ಆದರೆ ಕವುಜುಗ, ಮೊಲ, ನರಿಗಳಿಗೆ ಈಗ ಉಳಿದಿರುವುದು ಗುಡ್ಡದ ಬುಡ, ಗೋಮಾಳದ ಚೂರು, ಕಾಲುವೆ ಏರಿಯ ಜಾಲಿ. ಹೀಗೆ ಚದುರಿದ ತುಂಡುಗಳಲ್ಲಿ ಒಂದು ಬೇಸಿಗೆಯಲ್ಲಿ ನಾಲ್ಕು ತಂಡ ಇಳಿದು ಗುಡಿಸಿದರೆ ಮರುವರ್ಷ ಅಲ್ಲಿಗೆ ಬಂದು ತುಂಬಿಕೊಳ್ಳಲು ಪಕ್ಕದಲ್ಲಿ ಬೇರೆ ಮೊಲವಿರುವುದಿಲ್ಲ. ಮೊಲ ಇಲ್ಲದ ಮಡ್ಡಿಯಲ್ಲಿ ತೋಳ ಏನು ತಿನ್ನಬೇಕು? ಅದು ಕುರಿಹಟ್ಟಿಗೆ ಬರುತ್ತದೆ. ಶೋಕಿಯವನ ಒಂದು ರಾತ್ರಿಯ ಮೋಜಿನ ಬಿಲ್ಲು ಕೊನೆಗೆ ಕುರಿಗಾಹಿಯ ಹೆಸರಿಗೆ ಬರುತ್ತದೆ. ಕೋಳಿ ತಿಂದರೆ ಸರಿ, ಕವುಜುಗ ತಿಂದರೆ ತಪ್ಪು ಹೇಗೆ ಎಂಬುದಕ್ಕೂ ಇದೇ ಉತ್ತರ: ಕೋಳಿಯನ್ನು ಒಬ್ಬರು ಕಾಳು ಹಾಕಿ ಸಾಕಿರುತ್ತಾರೆ, ತಿಂದಷ್ಟನ್ನೂ ಮತ್ತೆ ಬೆಳೆಸುತ್ತಾರೆ. ಕವುಜುಗಕ್ಕೆ ಕಾಳು ಹಾಕುವವರು ಯಾರೂ ಇಲ್ಲ, ಇದ್ದ ಕಂಟಿಯನ್ನೂ ನಾವೇ ಕಡಿದಿದ್ದೇವೆ.

ರೈತರ ಮಾತು ಬೇರೆ. ಅದನ್ನು ಶೋಕಿಯ ಬೇಟೆಯ ಜೊತೆ ಸೇರಿಸಿ ಬೈಯುವುದು ಅನ್ಯಾಯ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಒಂದು ಹಂದಿ ಹಿಂಡು ರಾತ್ರಿ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಸಾಲುಸಾಲೇ ಉತ್ತಿಟ್ಟಂತೆ ಕೆದರಿರುತ್ತದೆ. ಚಿಗರಿಗಳು ಮೊಳಕೆಯನ್ನೇ ಮೇಯುತ್ತವೆ. ಮಂಚಿಗೆಯ ಮೇಲೆ ಕೂತು ಕವಣೆ ಬೀಸಿ, ಡಬ್ಬಿ ಬಡಿದು ಕಾಯುವವನಿಗೆ ವನ್ಯಜೀವಿ ಪ್ರೀತಿಯ ಪಾಠ ಹೇಳಲು ಪಟ್ಟಣದವರಿಗೆ ಹಕ್ಕಿಲ್ಲ. ಆದರೆ ಕಾಯ್ದೆ ಈ ಕಷ್ಟಕ್ಕೆ ಪೂರ್ತಿ ಕುರುಡಾಗಿಲ್ಲ. ನಿಂತ ಬೆಳೆಗೆ ಅಪಾಯ ತರುವ ಎರಡನೇ ಪರಿಚ್ಛೇದದ ಪ್ರಾಣಿಯನ್ನು, ಅಂದರೆ ಹಂದಿಯಂಥದ್ದನ್ನು, ಕಾರಣ ಬರೆದು ಲಿಖಿತ ಆದೇಶ ಕೊಟ್ಟು ಕೊಲ್ಲಿಸುವ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರಿಗೂ ಅವರು ನೇಮಿಸಿದ ಅಧಿಕಾರಿಗೂ ಇದೆ. ಮೊದಲನೇ ಪರಿಚ್ಛೇದದ ಚಿಗರಿಗೆ ಬೆಳೆಯ ಕಾರಣಕ್ಕೆ ಈ ದಾರಿಯಿಲ್ಲ. ಅಲ್ಲಿ ಬೇಲಿ ಮತ್ತು ಪರಿಹಾರವೇ ಗತಿ. ಪ್ರಾಣ ಉಳಿಸಿಕೊಳ್ಳಲು ಅನಿವಾರ್ಯವಾಗಿ ಕೊಂದರೆ ಅದು ಅಪರಾಧವೂ ಅಲ್ಲ. ಅಂದಮೇಲೆ ಜಗಳ ಆಡಬೇಕಾದದ್ದು ಇಲಾಖೆಯ ಜೊತೆ: ಅರ್ಜಿ ಹಾಕಿದ ಎಷ್ಟು ದಿನಕ್ಕೆ ಸ್ಥಳ ಪರಿಶೀಲನೆ, ಪಹಣಿ ಇಲ್ಲದ ಗೇಣಿದಾರನಿಗೆ ಪರಿಹಾರ ಯಾಕಿಲ್ಲ, ಶೇಂಗಾಕ್ಕೆ ಕೊಡುವ ದರ ಬಿತ್ತನೆ ಬೀಜಕ್ಕಾದರೂ ಸಾಲುತ್ತದೆಯೇ ಎಂದು. ಅದನ್ನು ಬಿಟ್ಟು ಬೇಲಿಗೆ ಕರೆಂಟು ಹರಿಸಿದರೆ ಹಂದಿಗಿಂತ ಮೊದಲು ಹೊಲಕ್ಕೆ ನೀರು ಬಿಡಲು ಹೋದ ಮನುಷ್ಯ ಸಾಯುತ್ತಾನೆ. ಸಿಡಿಮದ್ದಿನ ಉಂಡೆ ಇಟ್ಟರೆ ಅದನ್ನು ಕಚ್ಚುವುದು ಎಷ್ಟೋ ಸಲ ಊರ ದನ. ಒಂದು ಮಾತು ಸ್ಪಷ್ಟವಿರಲಿ: ರೈತನ ಸಂಕಟ ಹೇಳಿಕೊಂಡು ಬೇಟೆಗೆ ಹೊರಡುವವರಲ್ಲಿ ಬಹುತೇಕರು ಹೋಗುವುದು ಬೆಳೆ ಇಲ್ಲದ ಬೇಸಿಗೆಯಲ್ಲಿ.

ಅಮೆರಿಕದಲ್ಲಿ ಆಡುತ್ತಾರಲ್ಲ, ಜರ್ಮನಿಯಲ್ಲಿ ಆಡುತ್ತಾರಲ್ಲ, ಅಲ್ಲಿ ಪ್ರಾಣಿ ಮುಗಿದುಹೋಗಿವೆಯೇ ಎಂಬ ಪ್ರಶ್ನೆ ಓದಿದವರದು, ಅದರಲ್ಲಿ ತೂಕವಿದೆ. ಅಮೆರಿಕದಲ್ಲಿ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ನೇರವಾಗಿ ವನ್ಯಜೀವಿಗಳ ಪೋಷಣೆಗೆ ಹೋಗುತ್ತದೆ. ಬೇಟೆಗಾರರ ದುಡ್ಡಿನಿಂದಲೇ ಎಷ್ಟೋ ಜೌಗು, ಹುಲ್ಲುಗಾವಲು ಉಳಿದಿವೆ. ಜರ್ಮನಿಯಲ್ಲಿ ಪ್ರಾಣಿಶಾಸ್ತ್ರ, ಕಾನೂನು, ಆಯುಧ, ರೋಗ ಎಲ್ಲವನ್ನೂ ಕಲಿತು ಪರೀಕ್ಷೆ ಪಾಸಾಗದೆ ಬೇಟೆಯ ಪರವಾನಗಿ ಸಿಗುವುದಿಲ್ಲ. ಆದರೆ ಇವೆಲ್ಲ ನಿಂತಿರುವುದು ಎಣಿಕೆಯ ಮೇಲೆ. ಈ ಕಾಡಿನಲ್ಲಿ ಇಷ್ಟು ಜಿಂಕೆ ಇವೆ, ಈ ವರ್ಷ ಇಷ್ಟು ಹೊಡೆಯಬಹುದು, ಹೆಣ್ಣು ಇಷ್ಟು, ಗಂಡು ಇಷ್ಟು, ಮರಿ ಹಾಕುವ ಕಾಲದಲ್ಲಿ ಬಂದ್ ಎಂದು ಯಾರೋ ಲೆಕ್ಕ ಇಟ್ಟು, ಇನ್ಯಾರೋ ಅದನ್ನು ತಪಾಸಣೆ ಮಾಡುತ್ತಾರೆ. ಯಾದಗಿರಿ ಜಿಲ್ಲೆಯ ಮೊಲ, ಕವುಜುಗಗಳನ್ನು ಎಣಿಸುವವರು ಯಾರು? ಲೆಕ್ಕವೇ ಇಲ್ಲದ ಕಡೆ ಕೋಟಾ ಹೇಗೆ ಹಾಕುವುದು? ಹೊರದೇಶದ ಬೇಟೆಯನ್ನು ತರುವುದಾದರೆ ಅದರ ಪರೀಕ್ಷೆ, ತೆರಿಗೆ, ದಫ್ತರು, ಕಾವಲು ಎಲ್ಲವನ್ನೂ ತರಬೇಕು. ಹಾಗೆ ತಂದರೆ ಈಗ ಪ್ರಶ್ನೆ ಕೇಳುವವರಲ್ಲಿ ಎಷ್ಟು ಮಂದಿ ಆ ಪರೀಕ್ಷೆಗೆ ಕೂರುತ್ತಾರೋ ನೋಡಬೇಕು.

ನನಗೆ ಇವೆಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಆಕ್ಷೇಪ ಇನ್ನೊಂದು. ಕಾನೂನು ಬಡವನ ಮೇಲೆ ಬೀಳುತ್ತದೆ, ಜೀಪಿನವನ ಮೇಲಲ್ಲ. ಇದು ನಿಜ, ಇದಕ್ಕೆ ಚರಿತ್ರೆಯೂ ಇದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲೆಗೆ ಏರಿಸಿತು. ಆ ಹಣೆಪಟ್ಟಿ ಅಳಿಸಿದ್ದು 1952ರಲ್ಲಿ. ಹರಣಶಿಕಾರಿಗಳಂಥ ಸಮುದಾಯಗಳಿಗೆ ಬಲೆ, ಉರುಲು ಮೋಜಿನ ಸಾಮಾನಲ್ಲ, ಕಸುಬು. ಆ ಕಸುಬನ್ನು ಕಾಯ್ದೆ ಕಿತ್ತುಕೊಂಡಿತು, ಬದಲಿಗೆ ಭೂಮಿಯನ್ನಾಗಲಿ ಕೆಲಸವನ್ನಾಗಲಿ ಕೊಟ್ಟದ್ದು ಕಡಿಮೆ. ಇವರ ಹೆಸರು ಹೇಳಿ ಕಾಯ್ದೆಯನ್ನೇ ಸಡಿಲಿಸಿ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಡಿಲಿಸಿದ ದಿನ ಮುಂದೆ ಬರುವವರು ರೈಫಲ್, ಜೀಪು, ಪರಿಚಯ ಇರುವವರೇ ಹೊರತು ಉರುಲಿನವನಲ್ಲ. ಕಾಯ್ದೆ ಹಾಗೇ ಇರಲಿ. ಅದರ ಮೊದಲ ಏಟು ಜೀಪಿಗೆ ಬೀಳಲಿ. 2025ರ ಯುಗಾದಿ ಹೊತ್ತಿಗೆ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಬೇಟೆಯಾಡಿದ ಮೊಲಗಳನ್ನು ಹಿಡಿದು ಮೆರವಣಿಗೆ ಮಾಡಿದ ವಿಡಿಯೊ ಹರಿದಾಡಿ ಪ್ರಕರಣ ದಾಖಲಾಯಿತು. ಮೊಬೈಲಿನಲ್ಲಿ ಚಿತ್ರ ಬರದೇ ಹೋಗಿದ್ದರೆ ಅದೂ ಸಂಪ್ರದಾಯದ ಹೆಸರಿನಲ್ಲಿ ಸಾಗಿಹೋಗುತ್ತಿತ್ತು.

ಸಂಪ್ರದಾಯ ಎಂದಾಗ ಕೊಡಗಿನತ್ತ ನೋಡಬೇಕು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಗೃಹ ಇಲಾಖೆ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧ ಪೂಜೆಯಾದ ಮೇಲೆ ಹಿಂದಿನವರು ಬೇಟೆಗೆ ಹೊರಡುತ್ತಿದ್ದರು. ಈಗ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ, ಹೊಡೆದವನಿಗೆ ಬಹುಮಾನ. ಕೋವಿಯೂ ಉಳಿಯಿತು, ಹಬ್ಬವೂ ಉಳಿಯಿತು, ಗುರಿಯ ಹೆಮ್ಮೆಯೂ ಹೋಗಲಿಲ್ಲ. ಗುರಿಕಾರಿಕೆಗೇ ಹೆಸರಾದ ಸುರಪುರದಲ್ಲಿ ಇಂಥದ್ದೊಂದು ಯಾಕಾಗಬಾರದು? ತಾಲ್ಲೂಕು ಮಟ್ಟದಲ್ಲಿ ಒಂದು ಶೂಟಿಂಗ್ ರೇಂಜು, ಒಂದು ಬಿಲ್ಲುಗಾರಿಕೆ ಮೈದಾನ ಕೇಳುವ ಹಕ್ಕು ಈ ಊರಿಗೆ ಬೇರೆ ಊರುಗಳಿಗಿಂತ ಹೆಚ್ಚಾಗಿಯೇ ಇದೆ.

ಇನ್ನು ಹೆಜ್ಜೆ ಓದುವ ವಿದ್ಯೆ, ಗಾಳಿ ನೋಡುವ ವಿದ್ಯೆ, ಗಂಟೆಗಟ್ಟಲೆ ಸದ್ದಿಲ್ಲದೆ ಕೂರುವ ತಾಳ್ಮೆ. ಇವು ಬೇಕಾಗಿರುವ ಜಾಗ ಸುರಪುರದ ಬದಿಯಲ್ಲೇ ಇದೆ. ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ್ದೆಂದು ಹೇಳುವ, 1840ರ ದಶಕದಲ್ಲಿ ಇಲ್ಲಿನ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಅಭಿವೃದ್ಧಿಪಡಿಸಿದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇದು, ಬಿಸಿಲೇರುವ ಹೊತ್ತಿಗೆ ನೀರಿಗೆ ಮರಳುವ ಈ ಹಕ್ಕಿಗಳ ಜಾಡು ಪುಸ್ತಕ ಓದಿದವರಿಗಿಂತ ಸುತ್ತಲ ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. ಯಾವ ಹೊಲದಲ್ಲಿ ಇಳಿದವು, ಯಾವ ರಾತ್ರಿ ಬಲೆ ಬಿತ್ತು ಎಂಬುದೂ ಅವರಿಗೇ ಗೊತ್ತು. ನವೆಂಬರಿನಿಂದ ಫೆಬ್ರುವರಿವರೆಗೆ ಆ ಹಳ್ಳಿಗಳ ಹುಡುಗರನ್ನು ದಿನಗೂಲಿಯ ಮೇಲೆ ಹಕ್ಕಿ ಗಣತಿಗೂ ಕಾವಲಿಗೂ ತೆಗೆದುಕೊಳ್ಳಬೇಕು, ಬರುವ ಪ್ರವಾಸಿಗರಿಗೆ ದಾರಿ ತೋರುವ ಕೆಲಸವನ್ನು ಅವರಿಗೇ ಬಿಡಬೇಕು, ವಾರವಾರದ ಎಣಿಕೆಯನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕು. ಹರಣಶಿಕಾರಿ ಕುಟುಂಬಗಳಿಗೆ ಇದರಲ್ಲಿ ಮೊದಲ ಪಾಲು ಸಿಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಅರಣ್ಯ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿ ಕೂತು ಮಾತಾಡಿದರೆ ಮುಂದಿನ ಚಳಿಗಾಲಕ್ಕೇ ಶುರು ಮಾಡಬಹುದು.